ಟರ್ಪಾಲಿನೊಳಗೆ ಮುಂಗಾರು

ಕಲ್ಯಾಣಪುರದ ಜನಾರ್ದನ ಭಟ್ಟರಿಗೆ ಈ ಲೋಕದಲ್ಲಿ ಇಬ್ಬರೇ ಶತ್ರುಗಳು. ಒಬ್ಬ ಕಾರ್ಕಳದ ಚಿನ್ಮಯ, ಇನ್ನೊಬ್ಬ ನೈಋತ್ಯ ಮುಂಗಾರು. ಚಿನ್ಮಯನನ್ನಾದರೂ ಹೇಗೋ ಸಹಿಸಬಹುದಿತ್ತು. ಅವನು ಎಷ್ಟಾದರೂ ಮನುಷ್ಯ, ಅದೂ ತಮ್ಮದೇ ಕೈಕೆಳಗೆ ಕಾಯಿ ತುರಿದು ಅಡುಗೆ ಕಲಿತವನು. ಆದರೆ ಭೂಮಧ್ಯರೇಖೆಯ ಆಚೆಯಿಂದ ಹೊರಟು, ಇಡೀ ಅರಬ್ಬೀ ಸಮುದ್ರ ದಾಟಿ, ದಾರಿಯಲ್ಲಿ ಎಲ್ಲೂ ತಂಗದೆ, ನೇರವಾಗಿ ತಮ್ಮ ಕೊಪ್ಪರಿಗೆಯನ್ನೇ ಹುಡುಕಿಕೊಂಡು ಬರುವ ಆ ಮಳೆಯ ಹಟವನ್ನು ಮಾತ್ರ ಭಟ್ಟರು ಕ್ಷಮಿಸಲು ತಯಾರಿರಲಿಲ್ಲ.

ವೈರಕ್ಕೆ ಮೂಲ ಅಜೆಕಾರಿನ ಒಂದು ಉಪನಯನ. ೧೯೯೮ರ ಮೇ ತಿಂಗಳು. ಮನೆಯ ಹಿಂದೆ ತೆಂಗಿನ ಮಡಲು ಹೊದೆಸಿದ ಅಡುಗೆ ಚಪ್ಪರ, ನೆಲದಲ್ಲಿ ಕಣಿ ತೋಡಿ ಮಾಡಿದ ಉದ್ದನೆಯ ಒಲೆ, ಒಲೆಯ ಮೇಲೆ ಸಾಲಾಗಿ ಕೂತ ಕೊಪ್ಪರಿಗೆಗಳು, ಅವುಗಳ ನಡುವೆ ಹೆಗಲ ಬೈರಾಸನ್ನು ಸೊಂಟಕ್ಕೆ ಬಿಗಿದು ಸೇನಾಪತಿಯ ಹಾಗೆ ಓಡಾಡುವ ಭಟ್ಟರು. ಹಾಲುಪಾಯಸ ಇನ್ನೇನು ಹದಕ್ಕೆ ಬಂತು ಎನ್ನುವಾಗ ಯಾರ ಅಪ್ಪಣೆಯನ್ನೂ ಕೇಳದೆ ಒಂದು ಮಳೆ ಬಂತು. ಮಡಲಿನ ಸಂದಿಗಳಿಂದ ನೀರು ಧಾರೆಯಾಗಿ ಕೊಪ್ಪರಿಗೆಗೆ ಇಳಿಯಿತು. ಮುಚ್ಚಳ ಹುಡುಕಿ ತರುವಷ್ಟರಲ್ಲಿ ಪಾಯಸ ತಿಳಿಸಾರಿನ ಅಂತಸ್ತಿಗೆ ಬಂದಿತ್ತು. ಬೇರೆ ದಾರಿಯಿಲ್ಲದೆ ಅದನ್ನೇ ಬಡಿಸಿದರು. ಆಗಿನ್ನೂ ಮೀಸೆ ಸರಿಯಾಗಿ ಮೂಡದಿದ್ದ ಚಿನ್ಮಯ ಬಡಿಸುವ ಸಾಲಿನಲ್ಲಿದ್ದ. ಎಲೆಯಿಂದ ಎಲೆಗೆ ಹೋಗುತ್ತ ಅವನು ರಾಗವಾಗಿ ಕೂಗಿದ: “ಮಳೆಭಟ್ರ ಪಾಯಸ! ಆಕಾಶದಿಂದ ನೇರ ಎಲೆಗೆ!”

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನಗದವರು ಒಬ್ಬರೇ, ಕಾಪುವಿನ ಗಣಪಯ್ಯ. ಅವರು ಎರಡನೆಯ ಸಲವೂ ಹಾಕಿಸಿಕೊಂಡರು. ಎಲೆಯ ಮೇಲೆ ಓಡುತ್ತಿದ್ದ ಪಾಯಸವನ್ನು ಅಂಗೈಯಿಂದ ಅಡ್ಡಗಟ್ಟಿ, ಸುರ್ರೆಂದು ಎಳೆದು, “ಪರಿಮಳ ಉಂಟು ಭಟ್ರೇ” ಎಂದರು. ಆ ಒಂದು ಮಾತಿಗೆ ಭಟ್ಟರ ಕಣ್ಣಲ್ಲಿ ಬಂದ ನೀರು ಕೂಡ ಆ ದಿನ ಮಳೆಯ ಲೆಕ್ಕಕ್ಕೇ ಹೋಯಿತು.

ಹೆಸರಿಗೆ ಬಸ್ಸಿನ ಟಿಕೇಟು ಬೇಕಾಗುವುದಿಲ್ಲ. ಸಂಜೆಯೊಳಗೆ ‘ಮಳೆಭಟ್ರು’ ಕಾರ್ಕಳಕ್ಕೆ ತಲುಪಿತು, ಮರುದಿನ ಉಡುಪಿಗೆ, ಆ ವಾರ ಮುಗಿಯುವ ಮೊದಲು ಕಲ್ಯಾಣಪುರದ ಅವರದೇ ಮನೆಯ ಗೇಟಿಗೆ. ಭಟ್ಟರು ಅಜೆಕಾರಿನ ಬಾವಿಕಟ್ಟೆಯ ಬಳಿಯೇ, ಎಲ್ಲ ಅಡುಗೆಯವರ ಎದುರು, ಮರದ ದೊಡ್ಡ ಸಟ್ಟುಗವನ್ನು ಎತ್ತಿ ಹಿಡಿದು ಶಪಥ ಮಾಡಿದ್ದರು: “ಇನ್ನು ನನ್ನ ಪಾಯಸಕ್ಕೆ ಆಕಾಶದ ಒಂದು ಹನಿ ಬಿದ್ದರೆ ಆ ದಿನವೇ ಈ ಸಟ್ಟುಗ ಕೆಳಗಿಡುತ್ತೇನೆ. ಮತ್ತೆ ಮುಟ್ಟುವುದಿಲ್ಲ.” ಕೆಲವು ತಿಂಗಳಲ್ಲಿ ಚಿನ್ಮಯ ಅವರನ್ನು ಬಿಟ್ಟು ಕಾರ್ಕಳದಲ್ಲಿ ಗ್ಯಾಸಿನ ಒಲೆಗಳನ್ನು ಇಟ್ಟುಕೊಂಡು ಸ್ವಂತ ಅಡುಗೆ ಶುರುಮಾಡಿದ. ಹೋಗುವಾಗ ಆ ಶಪಥವನ್ನೂ ಜೊತೆಗೆ ಕೊಂಡುಹೋಗಿ, ಹೋದಲ್ಲೆಲ್ಲ ಚಟ್ನಿಯ ಹಾಗೆ ಬಡಿಸಿದ.

ಅಲ್ಲಿಂದ ಮುಂದಿನ ಎಂಟು ವರ್ಷ ಭಟ್ಟರು ಮಳೆಯ ಮೇಲೆ ಕಣ್ಣಿಟ್ಟು ಬದುಕಿದರು. ಮೇ ಅರ್ಧ ಕಳೆದ ಮೇಲೆ ಕಾಂಕ್ರೀಟಿನ ಛಾವಣಿ ಇರುವ ಸಭಾಭವನಗಳಲ್ಲಿ ಮಾತ್ರ ಅಡುಗೆ. ಬಯಲಿನ ಚಪ್ಪರವಾದರೆ ಏಪ್ರಿಲಿನಲ್ಲೇ ಮುಗಿಸಬೇಕು. ಹೀಗೆ ಮಳೆ ಇಲ್ಲದ ಕಾಲದಲ್ಲಿ ಮಾತ್ರ ಬಯಲಿಗಿಳಿದು ಎಂಟು ವರ್ಷ ಒಂದು ಹನಿಯೂ ಬೀಳದೆ ಇದ್ದದ್ದರಿಂದ ಅವರಲ್ಲಿ ಒಂದು ಮಹಾಸಿದ್ಧಾಂತ ಹುಟ್ಟಿತು: ಮಳೆಗೆ ಬೆಂಕಿಯ ಹೆದರಿಕೆ ಉಂಟು. ತಮ್ಮ ಕಣಿಒಲೆಯ ಝಳ ಮೇಲಕ್ಕೆ ಹೋಗಿ ಮೋಡವನ್ನು ಅಟ್ಟುತ್ತದೆ.

“ಮಳೆಯನ್ನು ಅಟ್ಟುವವರು ಮೊದಲು ಆ ಬೆಕ್ಕನ್ನು ಅಟ್ಟಿ. ಹಾಲಿಗೆ ಬಾಯಿ ಹಾಕ್ತಾ ಉಂಟು” ಎಂದು ಹೆಂಡತಿ ಸುಭಾಷಿಣಿ ಸಿದ್ಧಾಂತಕ್ಕೆ ತಮ್ಮ ಭಾಷ್ಯ ಬರೆದರು.

೨೦೦೬ರಲ್ಲಿ ಗಣಪಯ್ಯನವರ ಮಗಳಿಗೆ ಮದುವೆ ಕೂಡಿಬಂತು. ಮುಹೂರ್ತ ಮೇ ತಿಂಗಳ ಕೊನೆಗೆ. ಉಡುಪಿ, ಕಾಪು, ಎಲ್ಲಿಯೂ ಸಭಾಭವನ ಖಾಲಿ ಇಲ್ಲ. ಸಮುದ್ರದ ಸದ್ದು ಕೇಳುವಷ್ಟು ಹತ್ತಿರದ ಕಾಪುವಿನ ಮನೆಯಂಗಳದಲ್ಲೇ ಮದುವೆ, ಹಿತ್ತಲಲ್ಲಿ ಅಡುಗೆ. ಬೇರೆ ಯಾರೇ ಕೇಳಿದ್ದರೂ ಭಟ್ಟರು ಸೊಂಟ ನೋವು ಎನ್ನುತ್ತಿದ್ದರು. ಆದರೆ ಎದುರು ನಿಂತವರು ಅಂಗೈ ಅಡ್ಡಗಟ್ಟಿ ಪಾಯಸ ಉಂಡ ಗಣಪಯ್ಯ. ಈ ಎಂಟು ವರ್ಷಗಳಲ್ಲಿ ಒಮ್ಮೆಯೂ ಆ ಹೆಸರಿನಿಂದ ಕರೆಯದವರು. ಭಟ್ಟರು ಹೂಂ ಅಂದರು. ರೇಡಿಯೋದವರು ಆ ವಾರ ಮುಂಗಾರು ಕೇರಳಕ್ಕೆ ಬಂತು, ಬೇಗ ಬೇಗ ಮೇಲೆ ಹತ್ತುತ್ತಾ ಇದೆ ಎಂದು ಹೇಳತೊಡಗಿದರು. ಭಟ್ಟರಿಗೆ ಅದು ಶತ್ರುಸೈನ್ಯ ಗಡಿ ದಾಟಿದ ಸುದ್ದಿಯ ಹಾಗೆಯೇ ಕೇಳಿಸಿತು.

ಮದುವೆಯ ಎರಡು ದಿನ ಮೊದಲು, ಸಂಜೆ ಕಾಫಿಯ ಹೊತ್ತಿಗೆ, ಭಟ್ಟರು ಒಲೆಗೆ ಹೆಚ್ಚು ಸೌದೆ ಹೇಳಬೇಕು ಎಂದರು. “ಉರಿ ಜೋರಿದ್ದರೆ ಮೋಡ ಕಾಪುವಿನ ಕಡಲಕರೆಯ ದೀಪಸ್ತಂಭ ದಾಟಿ ಈಚೆ ಬರುವುದಿಲ್ಲ.”

ಮಗಳು ಹರಿಪ್ರಿಯಾ ಲೋಟ ಕೆಳಗಿಟ್ಟಳು. ಮಣಿಪಾಲದಲ್ಲಿ ಭೌತಶಾಸ್ತ್ರ ಓದುತ್ತಿದ್ದ ಅವಳಿಗೆ ಅಪ್ಪನ ಸಿದ್ಧಾಂತ ಬಹಳ ದಿನದಿಂದ ಗಂಟಲಲ್ಲಿ ಸಿಕ್ಕಿಕೊಂಡಿತ್ತು. “ಅಪ್ಪ, ಮಳೆ ಬೆಂಕಿಗೆ ಹೆದರುವುದಿಲ್ಲ. ಮಳೆಯನ್ನು ಕರೆಯುವುದೇ ಬಿಸಿ.”

“ಎಂತ ಹೇಳ್ತಿ ನೀನು?”

“ಏಪ್ರಿಲ್, ಮೇಯಲ್ಲಿ ನೆಲ ಕಾಯ್ತದೆ ಅಲ್ವಾ? ಉತ್ತರದ ಕಡೆ ಅಂತೂ ಕಾದ ಕಾವಲಿ. ಅಲ್ಲಿಯ ಗಾಳಿ ಬಿಸಿಯಾಗಿ ಮೇಲೆ ಹೋಗ್ತದೆ. ಆ ಜಾಗಕ್ಕೆ ಸಮುದ್ರದ ಮೇಲಿನ ಗಾಳಿ ನುಗ್ಗುತ್ತದೆ, ನೀರಿನ ಆವಿಯನ್ನು ಹೊತ್ತುಕೊಂಡು.”

“ಉರಿ ಜೋರಾದರೆ ಒಲೆಯ ಬಾಯಿ ಗಾಳಿ ಎಳೀತದಲ್ಲ, ಹಾಗೆಯಾ?”

“ಹಾಗೇ. ಅಷ್ಟಕ್ಕೇ ಮುಗಿಯುವುದಿಲ್ಲ. ಕುದಿಯುವ ನೀರು ಬಿದ್ದರೆ ಹೆಚ್ಚು ಸುಡ್ತದಾ, ಹಬೆ ತಾಗಿದರೆ ಹೆಚ್ಚು ಸುಡ್ತದಾ?”

ಭಟ್ಟರು ಮುಂಗೈಯ ಹಳೆಯ ಕಲೆಯನ್ನು ನೋಡಿಕೊಂಡರು. ಮೂಡೆ ಇಡ್ಲಿ ಬೇಯಿಸುವಾಗ ಮುಚ್ಚಳ ತೆಗೆದ ನೆನಪು. “ಹಬೆ. ಅದೂ ಒಂದು ಪ್ರಶ್ನೆಯಾ?”

“ಯಾಕೆ ಅಂದರೆ ಹಬೆಯ ಹೊಟ್ಟೆಯಲ್ಲಿ ಬಿಸಿ ಅಡಗಿ ಕೂತಿರ್ತದೆ. ನಿಮ್ಮ ಕೈಗೆ ತಾಗಿ ನೀರಾಗುವಾಗ ಅದನ್ನೆಲ್ಲ ಕೈಗೇ ಕೊಟ್ಟು ಹೋಗ್ತದೆ. ಮೋಡದಲ್ಲೂ ಅದೇ ಕಥೆ. ಆವಿ ಹನಿಯಾಗುವಾಗ ಬಿಸಿ ಬಿಡ್ತದೆ. ಆ ಬಿಸಿಗೆ ಗಾಳಿ ಮತ್ತೂ ಮೇಲೆ ಹೋಗ್ತದೆ, ಕೆಳಗಿನಿಂದ ಹೊಸ ಗಾಳಿ ಎಳೀತದೆ. ಮೇಲೆ ಹೋದದ್ದು ಬಹಳ ಎತ್ತರದಲ್ಲಿ ತಿರುಗಿ, ದಕ್ಷಿಣಕ್ಕೆ ಹೋಗಿ, ಪುನಃ ಸಮುದ್ರದ ಮೇಲೆ ಇಳೀತದೆ. ದೊಡ್ಡ ಒಂದು ಸುತ್ತು.”

ಭಟ್ಟರು ಲೋಟದ ತಳದ ಕಾಫಿಯನ್ನು ಒಂದು ಸುತ್ತು ತಿರುಗಿಸಿದರು. “ಅಂದರೆ ಮೋಡ ತನ್ನ ಒಲೆಗೆ ಬೇಕಾದ ಸೌದೆಯನ್ನು ತಾನೇ ಹೊತ್ತುಕೊಂಡು ಬರ್ತದೆ.”

“ಹೌದು. ಅದರ ಸೌದೆ ಆವಿ.”

“ಸುಳ್ಳು. ಸೌದೆ ಯಾವಾಗಲೂ ಮದುವೆ ಮನೆಯವರೇ ಕೊಡಬೇಕು.”

ಹಾಗೆಂದು ಎದ್ದರೂ ಸಿದ್ಧಾಂತದ ಬುಡ ಅಲ್ಲಾಡಿತ್ತು. ಬೆಂಕಿಗೆ ಹೆದರದ ಶತ್ರುವಿಗೆ ಕೋಟೆಯೇ ಗತಿ ಎಂದು ಭಟ್ಟರು ನಿರ್ಧರಿಸಿದರು. ಮದುವೆಯ ಹಿಂದಿನ ದಿನ ಕಾಪುವಿಗೆ ಹೋದವರೇ ಚಪ್ಪರ ಕಟ್ಟುವ ಮಲಕಪ್ಪನನ್ನು ಕರೆದರು. ಮಲಕಪ್ಪ ಬಾದಾಮಿ ಕಡೆಯವನು. ಗಾರೆ ಕೆಲಸಕ್ಕೆಂದು ಬಂದು, ಅದಿಲ್ಲದ ದಿನ ಚಪ್ಪರ, ಶಾಮಿಯಾನ ಎಂದು ಏನನ್ನಾದರೂ ಕಟ್ಟುತ್ತಲೇ ಇರುವ ಆಳು. ಯಾವುದನ್ನೂ ಸಡಿಲಾಗಿ ಕಟ್ಟಿ ಅವನಿಗೆ ಗೊತ್ತಿರಲಿಲ್ಲ.

“ಮಲಕಪ್ಪ, ಮೇಲೆ ಟರ್ಪಾಲು. ಸುತ್ತ ನಾಲ್ಕೂ ಕಡೆ ಟರ್ಪಾಲು. ನೆಲಕ್ಕೆ ತಾಗುವ ಹಾಗೆ. ಹೋಗಿ ಬರಲಿಕ್ಕೆ ಒಂದು ಬಾಗಿಲು, ಅದಕ್ಕೂ ಪರದೆ. ಒಂದು ಹನಿ ಒಳಗೆ ಬರಬಾರದು.”

“ಹನಿ ಬಿಡ್ರಿ ಭಟ್ರ, ಇರಿವಿ ಸೈತ ನನ್ನ ಕೇಳೇ ಒಳಗ ಬರಬೇಕು. ಹಂಗ ಬಿಗೀತೀನಿ ನೋಡ್ರಿ!”

ಬಿಗಿದ. ತೆಂಗಿನ ನಾರಿನ ಹಗ್ಗಕ್ಕೆ ಗಂಟು, ಗಂಟಿನ ಮೇಲೆ ಗಂಟು. ಸಂಜೆ ಭಟ್ಟರು ಒಳಗೆ ನಿಂತು ಸುತ್ತ ನೋಡಿದರು. ಎಲ್ಲಿಯೂ ಸೂಜಿಯಷ್ಟು ಬೆಳಕಿಲ್ಲ. ಕರಾವಳಿಯ ಇತಿಹಾಸದಲ್ಲಿ ಅಡುಗೆ ಚಪ್ಪರವೊಂದಕ್ಕೆ ಇಂಥ ಕೋಟೆ ಯಾರೂ ಕಟ್ಟಿರಲಿಲ್ಲ. ಯಾಕೆ ಕಟ್ಟಿರಲಿಲ್ಲ ಎಂದು ಯೋಚಿಸುವಷ್ಟು ಪುರುಸೊತ್ತು ಅವರಿಗಿರಲಿಲ್ಲ.

ಮದುವೆಯ ಬೆಳಿಗ್ಗೆ ಎಲೆ ಅಲುಗುತ್ತಿರಲಿಲ್ಲ. ಮೈಯಿಂದ ಬೆವರು ಇಳಿಯುತ್ತಿತ್ತು, ಆರುತ್ತಿರಲಿಲ್ಲ. ಪಡುವಣದ ಕಡೆಯಿಂದ ಸಮುದ್ರದ ಸದ್ದು ಎಂದಿನ ಹಾಗೆ ಬಂದು ಬಂದು ಹೋಗುವ ಬದಲು ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಭಟ್ಟರು ಆಗಾಗ ಬಾಗಿಲಿನ ಪರದೆ ಸರಿಸಿ ನೋಡುತ್ತಿದ್ದರು. ದೀಪಸ್ತಂಭದ ಹಿಂದೆ ಆಕಾಶ ಮಸಿ ಬಳಿದ ಬಾಣಲೆಯ ತಳದ ಹಾಗೆ ಕಪ್ಪಾಗುತ್ತಿತ್ತು.

ಅನ್ನ ಬೆಂದಿತು, ಸಾರು ಕುದಿಯಿತು, ಹುಳಿ ಇಳಿಯಿತು. ಉಳಿದದ್ದು ಹಾಲುಪಾಯಸ. ಅದಕ್ಕೆ ಮುಚ್ಚಳ ಹಾಕುವ ಹಾಗಿಲ್ಲ, ಕೈ ಬಿಡುವ ಹಾಗಿಲ್ಲ. ಹಾಲು ಬತ್ತಿ ಅಕ್ಕಿಯನ್ನು ಅಪ್ಪಿಕೊಳ್ಳುವವರೆಗೆ ಸಟ್ಟುಗದಿಂದ ತಳ ಎಳೆಯುತ್ತಲೇ ಇರಬೇಕು. ಆ ಕೆಲಸವನ್ನು ಭಟ್ಟರು ಯಾರಿಗೂ ಕೊಡುತ್ತಿರಲಿಲ್ಲ.

ಪರದೆ ಸರಿಯಿತು. ಒಳಗೆ ಬಂದದ್ದು ಒಂದು ಮುಖ ಮಾತ್ರ, ಚಂದನ ಬಳಿದುಕೊಂಡ, ಚೆನ್ನಾಗಿ ನಿದ್ದೆ ಮಾಡಿದ ಮುಖ. ಚಿನ್ಮಯ. ಗಂಡಿನ ಕಡೆಯವರ ನೆಂಟನಾಗಿ ಬಂದಿದ್ದ.

“ಜನಾರ್ದನಣ್ಣ, ಗಟ್ಟಿ ಉಂಟಾ? ಕೊಡೆ ತಂದಿದ್ದೀರಾ?”

“ನಾನು ಕೊಡೆ ಹಿಡಿಯುವ ಅಡುಗೆಯವನಲ್ಲ ಮಾರಾಯ. ನೀನು ಹೋಗಿ ಎಲೆಯ ಮುಂದೆ ಕೂತುಕೋ.”

“ಇಲ್ಲೇ ಇರ್ತೇನೆ. ಶಪಥಕ್ಕೆ ಸಾಕ್ಷಿ ಬೇಕಲ್ಲ” ಎಂದು ಚಿನ್ಮಯ ಬಾಗಿಲ ಬಳಿ ನಿಂತ.

ಅಷ್ಟರಲ್ಲಿ ಬಂತು. ಮೊದಲು ಗಾಳಿ, ತೆಂಗಿನ ಮರಗಳ ತಲೆ ಹಿಡಿದು ತಿರುಚುವಂಥದ್ದು. ಅದರ ಬೆನ್ನಿಗೆ ಟರ್ಪಾಲಿನ ಮೇಲೆ ಯಾರೋ ಬುಟ್ಟಿಗಟ್ಟಲೆ ಜಲ್ಲಿ ಸುರಿದಂಥ ಸದ್ದು. ಅಂಗಳದಲ್ಲಿ ಜನ ಕಿರುಚಿ ಜಗಲಿಗೆ ಓಡಿದರು. ಭಟ್ಟರು ಮೇಲೆ ನೋಡಿದರು. ಟರ್ಪಾಲು ನಡುಗಿತು, ಉಬ್ಬಿತು, ಬಡಿದುಕೊಂಡಿತು. ಆದರೆ ಒಂದು ಹನಿಯೂ ಒಳಗೆ ಬರಲಿಲ್ಲ. ಆಕಾಶವೇ ಬಾಗಿಲು ಬಡಿದು, ಬೇಡಿ, ಬೈದು, ಹೊರಗೇ ನಿಂತಿತ್ತು. ಭಟ್ಟರು ಸಟ್ಟುಗ ತಿರುಗಿಸುತ್ತಲೇ ಚಿನ್ಮಯನ ಕಡೆ ಒಂದು ನೋಟ ಎಸೆದರು. ಎಂಟು ವರ್ಷದಿಂದ ಕಾದಿಟ್ಟ ನೋಟ ಅದು.

ಆ ನೋಟ ತಲುಪುವ ಮೊದಲೇ ಅವರ ಬೋಳುತಲೆಯ ಮೇಲೆ ಟಪ್ ಎಂದು ಒಂದು ಹನಿ ಬಿತ್ತು.

ಅದರ ಹಿಂದೆಯೇ ಭುಜಕ್ಕೊಂದು. ಒಲೆಯ ಬೆಂಕಿಗೆ ಒಂದು ಬಿದ್ದು ಚುಂಯ್ ಎಂದಿತು. ಭಟ್ಟರ ಎದೆಯೂ ಹಾಗೆಯೇ ಅಂದಿತು.

“ಮಲಕಪ್ಪಾ! ಎಲ್ಲಿ ತೂತು ಮಾಡಿದ್ದಿ?”

ಹೊರಗಿನಿಂದ ನೆನೆದ ಧ್ವನಿ ಬಂತು. “ತೂತು? ಭಟ್ರ, ಹೊಸ ಟರ್ಪಾಲ್ ಐತ್ರಿ ಇದು! ನಾನು ಸುತ್ತ ತಿರುಗಿ ನೋಡೀನಿ, ಒಂದು ಸಂದಿ ಇಲ್ಲ!”

ಒಳಗಿದ್ದವರೆಲ್ಲ ತಲೆ ಎತ್ತಿ ತೂತು ಹುಡುಕಿದರು. ಇರಲಿಲ್ಲ. ಆದರೂ ಹನಿಗಳು ಬೀಳುತ್ತಿದ್ದವು, ಒಂದೊಂದಾಗಿ, ಆಮೇಲೆ ಸಾಲುಸಾಲಾಗಿ. ಹೊಗೆಯೂ ಹೋಗುವ ದಾರಿ ಕಾಣದೆ ಸುರುಳಿ ಸುತ್ತಿ ಕೆಳಗಿಳಿಯುತ್ತಿತ್ತು. ಉರಿ ಮಂಕಾಯಿತು. ಅಡುಗೆಯವರಲ್ಲಿ ಒಬ್ಬರು ಕೆಮ್ಮುತ್ತ ಹೊರಗೆ ಓಡಿದರು. ಹನಿಗಳೀಗ ತಿಳಿಯಾಗಿರಲಿಲ್ಲ. ಟರ್ಪಾಲಿಗೆ ಹಿಡಿದ ಮಸಿಯನ್ನು ತೊಳೆದುಕೊಂಡು ಕಪ್ಪಾಗಿ ಬೀಳುತ್ತಿದ್ದವು. ಕೆಳಗೆ, ಬಾಯಿ ತೆರೆದುಕೊಂಡು, ಹಾಲಿನಷ್ಟು ಬಿಳಿಯ ಪಾಯಸ.

“ಕೊಡೆ!” ಎಂದು ಭಟ್ಟರು ಗರ್ಜಿಸಿದರು.

ಚಿನ್ಮಯ ತನ್ನದನ್ನೇ ಒಳಗೆ ಚಾಚಿದ. ಮೂವತ್ತು ವರ್ಷ ಸಟ್ಟುಗ ಹಿಡಿದ ವೀರ, ಒಂದು ಕೈಯಲ್ಲಿ ಪಾಯಸ ಎಳೆಯುತ್ತ, ಇನ್ನೊಂದು ಕೈಯಲ್ಲಿ ಕೊಪ್ಪರಿಗೆಗೆ ಕೊಡೆ ಹಿಡಿದು ನಿಂತರು. ಕೊಡೆಯೂ ಕೊಪ್ಪರಿಗೆಯ ಬಾಯಿಯೂ ಹೆಚ್ಚುಕಡಿಮೆ ಒಂದೇ ಅಗಲ. ಕೊಡೆಯ ಅಂಚಿನಿಂದ ಇಳಿದ ಕಪ್ಪು ನೀರು ಕೊಪ್ಪರಿಗೆಯ ಕಂಠಕ್ಕೆ ಕೂದಲೆಳೆಯಷ್ಟು ಹೊರಗೆ ಬೀಳುತ್ತಿತ್ತು.

ಗಲಾಟೆ ಕೇಳಿ ಹರಿಪ್ರಿಯಾ ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು ಓಡಿಬಂದಳು. ಮದುಮಗಳ ಸಹಪಾಠಿಯೆಂದು ಮಂಟಪದ ಬಳಿ ಇದ್ದವಳು. ಬಾಗಿಲಲ್ಲಿ ನಿಂತು ಕೈ ಚಾಚಿದಳು. ಅಂಗೈಗೆ ಒಂದು ಹನಿ ಬಿತ್ತು.

“ಬಿಸಿ ಉಂಟು” ಎಂದಳು. “ಅಪ್ಪ, ಇದು ಹೊರಗಿನಿಂದ ಬಂದ ಮಳೆ ಅಲ್ಲ. ನೀವೇ ಮಾಡ್ತಾ ಇದ್ದೀರಿ.”

“ನಾನಾ?”

“ಅನ್ನದ ಹಬೆ, ಸಾರಿನ ಹಬೆ, ಹಾಲಿನ ಹಬೆ, ಎಲ್ಲ ಮೇಲೆ ಹೋಗಿದೆ. ಬೆಳಗ್ಗಿಂದ ಟರ್ಪಾಲು ಬಿಸಿಯಿತ್ತು, ಗೊತ್ತಾಗಲಿಲ್ಲ. ಈಗ ಹೊರಗಿನ ಮಳೆ ಅದನ್ನು ತಣ್ಣಗೆ ಮಾಡಿತು. ಹಬೆ ಅದಕ್ಕೆ ತಾಗಿ, ಬಿಸಿ ಬಿಟ್ಟು, ನೀರಾಗಿ ಬೀಳ್ತಾ ಉಂಟು. ಮೊನ್ನೆ ಹೇಳಿದ್ದೆನಲ್ಲ, ಅದೇ ಮುಂಗಾರು. ಸ್ವಲ್ಪ ಸಣ್ಣದು.”

ಭಟ್ಟರ ಮುಖ ಅರಳಿತು. “ಅಂದರೆ ಇದು ಆಕಾಶದ ಹನಿ ಅಲ್ಲ!”

“ಅಲ್ಲ.”

“ಕೇಳಿದಿಯಾ ಚಿನ್ಮಯ? ನನ್ನದೇ ಮನೆಯ ಮಳೆ ಇದು!”

“ಮನೆಯದಾದರೂ ಮಸಿ ಮಸಿಯೇ ಅಲ್ವಾ, ಜನಾರ್ದನಣ್ಣ?” ಎಂದ ಚಿನ್ಮಯ, ಹೊಗೆಗೆ ಉರಿಯುವ ಕಣ್ಣೊರೆಸಿಕೊಳ್ಳುತ್ತ.

ಅದು ನಿಜವೇ. ಕೊಡೆಯ ಬಟ್ಟೆ ಒದ್ದೆಯಾಗಿ ಜೋತು ಒಳಗಿನಿಂದಲೂ ತೊಟ್ಟಿಕ್ಕಲು ಹೊರಟಿತ್ತು. ಹರಿಪ್ರಿಯಾ ಮೇಲೆ ನೋಡಿ ಹೇಳಿದಳು: “ಅಪ್ಪ, ತೆರೆಯಬೇಕು. ಪಡುವಣದ ಕಡೆ ಕೆಳಗೆ ಒಂದು ಗೇಣು ಎತ್ತಿ, ಗಾಳಿ ಒಳಗೆ ಬರಲಿ. ಮೂಡಣದ ಕಡೆ, ಗಾಳಿಗೆ ಮರೆ ಇರುವ ಕಡೆ, ಮೇಲೆ ಸೀಳಿ. ಬಿಸಿ ತಾನಾಗಿ ಅಲ್ಲಿಂದ ಹೊರಗೆ ಹೋಗ್ತದೆ, ಹೊಗೆ, ಹಬೆ ಎರಡನ್ನೂ ಕೊಂಡುಹೋಗ್ತದೆ.”

“ಈ ಮಳೆಯಲ್ಲಿ ಮಾಡು ಸೀಳುವುದಾ?”

“ಮರೆಯ ಕಡೆ ಹನಿ ಬರುವುದು ಕಡಿಮೆ.”

“ಕಡಿಮೆ! ಬರುವುದೇ ಇಲ್ಲ ಅಂತ ಹೇಳು.”

ಹರಿಪ್ರಿಯಾ ಹೇಳಲಿಲ್ಲ. ಸುಳ್ಳು ಹೇಳಿ ಅವಳಿಗೆ ಅಭ್ಯಾಸವಿರಲಿಲ್ಲ, ಅಪ್ಪನ ಮುಂದಂತೂ ಇಲ್ಲವೇ ಇಲ್ಲ.

ಭಟ್ಟರು ಪಾಯಸವನ್ನು ನೋಡಿದರು. ಮುಚ್ಚಿಯೇ ಇಟ್ಟರೆ ಮಸಿ ಬೀಳುತ್ತದೆ. ಪಾಯಸ ಕೆಡುತ್ತದೆ, ಗಣಪಯ್ಯನ ಮಗಳ ಮದುವೆಯ ಎಲೆಗೆ ಸಿಹಿ ಇಲ್ಲ. ಆದರೆ ಶಪಥಕ್ಕೆ ಕುಂದಿಲ್ಲ, ಸಟ್ಟುಗ ಸಾಯುವವರೆಗೆ ತಮ್ಮದು. ತೆರೆದರೆ ಪಾಯಸ ಉಳಿದೀತು. ಆದರೆ ಮೇಲೆ ಸಮುದ್ರ ದಾಟಿ ಬಂದವನು ಕಾಯುತ್ತಿದ್ದಾನೆ, ಬಾಗಿಲಲ್ಲಿ ಸಾಕ್ಷಿ ನಿಂತಿದ್ದಾನೆ. ಒಂದೇ ಒಂದು ಹನಿ ಸಾಕು. ಮಂಗಳವಾದ್ಯ ನಿಂತು ಜಗಲಿಯ ಕಡೆಯಿಂದ ಎಲೆ ಹಾಕುವ ಸದ್ದು ಕೇಳಿತು. ಒಂದು ಕಪ್ಪು ಹನಿ ಕೊಪ್ಪರಿಗೆಯ ಕಂಠದ ಮೇಲೆಯೇ ಬಿದ್ದು, ಒಳಗೋ ಹೊರಗೋ ಎಂದು ಯೋಚಿಸಿ, ಹೊರಗೆ ಜಾರಿತು.

“ಸೀಳು ಮಲಕಪ್ಪಾ!” ಎಂದರು ಭಟ್ಟರು.

“ಏನ್ರೀ?”

“ಮೂಡಣದ ಕಡೆ ಗಂಟು ಬಿಚ್ಚು! ಮೇಲಿನದು!”

“ಬಿಚ್ಚಾಕ ಆಗಂಗಿಲ್ರಿ! ನಾರಿನ ಹಗ್ಗ ನೀರು ಕುಡದು ಉಬ್ಬೇತಿ. ಕಲ್ಲಾಗೇತಿ!”

“ಬಿಚ್ಚುವುದು ಬೇಡ. ಟರ್ಪಾಲನ್ನೇ ಕೊಯ್ಯಿ!”

“ಹೊಸಾದ್ರೀ ಭಟ್ರ! ಮಾಲಕ ನನ್ನ ಕೊಯ್ತಾನ!”

“ನಾನು ಹೇಳ್ತೇನೆ ಅವನಿಗೆ. ಕೊಯ್ಯಿ!”

ಏಣಿ ಇಟ್ಟ ಸದ್ದು. ಮರುಗಳಿಗೆ ಮಾಡಿನ ತುದಿಯಲ್ಲಿ ಕತ್ತಿಯ ಮೊನೆ ಕಂಡಿತು. ಚರ್ರೆಂದು ಟರ್ಪಾಲು ಸೀಳಿತು. ಬೂದು ಬಣ್ಣದ ಆಕಾಶದ ಒಂದು ಪಟ್ಟಿ ಒಳಗೆ ಇಣುಕಿತು. ಪಡುವಣದ ಕಡೆ ಇಬ್ಬರು ಕೆಳಗಿನ ಅಂಚನ್ನು ಗೇಣುದ್ದ ಎತ್ತಿದರು.

ಗಾಳಿ ನುಗ್ಗಿತು. ಒಂದು ಕ್ಷಣ ಇಡೀ ಚಪ್ಪರ ಹಾಯಿ ಕಟ್ಟಿದ ದೋಣಿಯ ಹಾಗೆ ಉಬ್ಬಿ, ಕಂಬಗಳು ಕಿರ್ರೆಂದು ನೆಲದಿಂದ ಮೇಲೇಳಲು ನೋಡಿದವು. ಏಣಿಯ ಮೇಲಿಂದ ಮಲಕಪ್ಪ ತನ್ನ ಊರಿನ ದೇವರನ್ನು ಹೆಸರು ಹಿಡಿದು ಕರೆದ. ಅವನ ಗಂಟುಗಳು ಮಾತ್ರ ಕದಲಲಿಲ್ಲ. ಒಲೆ ಎಷ್ಟೋ ಹೊತ್ತಿನಿಂದ ಹಸಿದಿದ್ದ ಹಾಗೆ ಗಾಳಿಯನ್ನು ಎಳೆದುಕೊಂಡು ಭುಗಿಲೆಂದಿತು. ಹಾಲು ಉಕ್ಕಿತು.

“ಸೌದೆ ಎಳೀರಿ! ಎಳೀರಿ ಮಾರಾಯ್ರೇ!” ಭಟ್ಟರು ಕೊಡೆಯನ್ನು ಬಿಸಾಡಿ ಎರಡೂ ಕೈಯಿಂದ ಸಟ್ಟುಗ ಹಿಡಿದರು. ಹಾಲು ಕಂಠದವರೆಗೆ ಬಂದು ಅಲ್ಲಿಯೇ ನಿಂತು, ಬುಸುಗುಟ್ಟುತ್ತ ಇಳಿಯಿತು.

ಆಮೇಲೆ ನಡೆದದ್ದನ್ನು ಎಲ್ಲರೂ ಬಾಯಿ ತೆರೆದು ನೋಡಿದರು. ದಾರಿ ಕಾಣದೆ ಅಲೆಯುತ್ತಿದ್ದ ಹೊಗೆ ಯಾರೋ ಕಿವಿ ಹಿಡಿದು ಎಳೆದ ಹಾಗೆ ಮೂಡಣಕ್ಕೆ ಬಾಗಿತು, ಸೀಳಿನ ಬಾಯಿಗೆ ಹೋಗಿ ಸರಸರನೆ ಹೊರಗೆ ನುಸುಳಿತು. ಹಬೆ ಅದರ ಬೆನ್ನು ಹಿಡಿಯಿತು. ಕೆಳಗಿನಿಂದ ತಂಪು ಗಾಳಿ, ಮೇಲಿನಿಂದ ಬಿಸಿ ಗಾಳಿಯ ಪಯಣ. ಹನಿಗಳು ವಿರಳವಾದವು. ನಿಂತವು.

ಆಗಲೇ ಹೊರಗೆ ಗಾಳಿ ಒಮ್ಮೆ ಹೊರಳಿತು. ಸೀಳಿದ ಟರ್ಪಾಲಿನ ತುಂಡು ಪಟಾರನೆ ಎತ್ತಿ ಬಿದ್ದಿತು. ಭಟ್ಟರ ಮುಂಗೈಯ ಮೇಲೆ, ಸರಿಯಾಗಿ ಆ ಹಳೆಯ ಕಲೆಯ ಮೇಲೆ, ಒಂದು ಹನಿ ಬಿತ್ತು. ತಣ್ಣಗಿತ್ತು. ಅದರ ಜೊತೆಯದು ಪಾಯಸದ ಬಿಳಿಯ ಮೈಮೇಲೆ ಸಣ್ಣ ಗುಳಿಯೊಂದನ್ನು ಮಾಡಿ ಮಾಯವಾಯಿತು.

ಯಾರೂ ನೋಡಲಿಲ್ಲ. ಹರಿಪ್ರಿಯಾ ಹೊಗೆಯ ದಾರಿ ನೋಡುತ್ತಿದ್ದಳು. ಚಿನ್ಮಯ ಕಣ್ಣೊರೆಸುತ್ತಿದ್ದ. ಮಲಕಪ್ಪ ದೇವರ ಜೊತೆ ಮಾತಿನಲ್ಲಿದ್ದ. ಒಂದು ಸುತ್ತು ಸಟ್ಟುಗ ತಿರುಗಿಸಿದರೆ ಮುಗಿಯಿತು, ಲೋಕದಲ್ಲಿ ಆ ಹನಿಗೆ ಸಾಕ್ಷಿಯೇ ಇಲ್ಲ.

ಭಟ್ಟರು ಒಂದು ಸುತ್ತು ತಿರುಗಿಸಿದರು. ಎರಡನೆಯ ಸುತ್ತಿಗೆ ಕೈ ಏಳಲಿಲ್ಲ. ಅಷ್ಟು ದೂರದಿಂದ ಬಂದ ಶತ್ರು, ಗೆದ್ದದ್ದನ್ನು ಗೆದ್ದ ಎನ್ನಬೇಕಲ್ಲ. ಬಾಳೆಲೆಯ ಮೇಲೆ ಸಟ್ಟುಗವನ್ನು ಮೆಲ್ಲನೆ ಇಟ್ಟರು.

“ಬಿತ್ತು.”

“ಎಂತ ಬಿತ್ತು?” ಎಂದ ಚಿನ್ಮಯ.

“ಆಕಾಶದ್ದು. ಪಾಯಸಕ್ಕೆ.”

“ಅಪ್ಪ, ಒಳಗಿನದೇ ಇರಬಹುದು” ಎಂದಳು ಹರಿಪ್ರಿಯಾ.

“ಇಲ್ಲ ಮಗಾ. ತಣ್ಣಗಿತ್ತು. ಬಿಸಿಯದ್ದು ನನ್ನದು, ತಣ್ಣಗಿನದು ಅವನದ್ದು ಅಂತ ಈಗ ನೀನೇ ಅಲ್ವಾ ಹೇಳಿಕೊಟ್ಟದ್ದು?” ಎಂದು ಭಟ್ಟರು ಹಿಂದೆ ಸರಿದು, ಕಾಯಿ ತುರಿಯುವ ಮಣೆಯ ಪಕ್ಕ ನೆಲದಲ್ಲೇ ಕೂತುಬಿಟ್ಟರು.

ಆ ಸಟ್ಟುಗ ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಆದರೆ ಪಾಯಸಕ್ಕೆ ಇದೆಲ್ಲ ಗೊತ್ತಿಲ್ಲ. ಅದು ಕೊತಕೊತ ಎನ್ನುತ್ತಿತ್ತು. ತಳ ಹಿಡಿಯಲು ಇನ್ನೆಷ್ಟು ಹೊತ್ತು? ಚಿನ್ಮಯ ಹೆಗಲ ಶಲ್ಯವನ್ನು ಸೊಂಟಕ್ಕೆ ಬಿಗಿದ. ಒಳಗೆ ಬಂದ. ಸಟ್ಟುಗ ಎತ್ತಿ ಎಳೆಯತೊಡಗಿದ.

ಭಟ್ಟರು ಕಣ್ಣು ಮುಚ್ಚಿಕೊಂಡರು. ಕಿವಿಯನ್ನು ಮುಚ್ಚಿಕೊಳ್ಳಲಾಗಲಿಲ್ಲ. ಸಟ್ಟುಗ ಕೊಪ್ಪರಿಗೆಯ ನಡುವಿನಲ್ಲೇ ಸುತ್ತುತ್ತಿದೆ, ಅಂಚಿಗೆ ಬರುತ್ತಿಲ್ಲ. ಗ್ಯಾಸಿನ ಒಲೆಯ ಅಭ್ಯಾಸ. ಅಲ್ಲಿ ಉರಿ ನಡುವೆ ಇರುತ್ತದೆ.

“ಅಂಚು” ಎಂದರು, ಕಣ್ಣು ತೆರೆಯದೆ.

“ಎಳೀತಾ ಇದ್ದೇನೆ, ಜನಾರ್ದನಣ್ಣ.”

“ಮೂಡಣದ ಅಂಚು! ಗಾಳಿ ಆ ಕಡೆ ಹೋಗ್ತಾ ಉಂಟು, ಉರಿಯೂ ಆ ಕಡೆಗೇ ಬಾಗಿದೆ. ಅಲ್ಲಿ ಹಿಡೀತದೆ!”

“ಇಲ್ಲಿಯಾ?”

“ಅಲ್ಲಿ ಅಲ್ಲ! ಅಯ್ಯೋ, ಅಲ್ಲಿ ಅಲ್ಲ ಮಾರಾಯ! ವಾಸನೆ ಬರ್ತಾ ಇಲ್ಲವಾ ನಿನಗೆ? ಕೊಡು ಇಲ್ಲಿ!” ಭಟ್ಟರು ಎದ್ದದ್ದು ಯಾರಿಗೂ ಕಾಣಲಿಲ್ಲ. ಕಂಡಾಗ ಸಟ್ಟುಗ ಅವರ ಕೈಯಲ್ಲಿತ್ತು, ಚಿನ್ಮಯ ಆಚೆ ಗೋಣಿಯ ಮೇಲೆ ಕೂತಿದ್ದ.

“ಜನಾರ್ದನಣ್ಣ, ಶಪಥ?”

“ಮುರಿಯಿತು. ಎಲ್ಲ ಕಡೆ ಹೇಳು. ಹೇಳಲಿಕ್ಕೆ ನಿನಗೆ ಬೇರೆ ಹೇಳಿಕೊಡಬೇಕಾ? ಈಗ ಏಲಕ್ಕಿ ಕೊಡು.”

ಚಿನ್ಮಯ ಏಲಕ್ಕಿ ಕೊಟ್ಟ. ಬಾಗಿಲಲ್ಲಿ ಬಂದು ನಿಂತಿದ್ದ ಸುಭಾಷಿಣಿ ಮೇಲಿನ ಸೀಳನ್ನೂ ಕೆಳಗಿನ ಗಂಡನನ್ನೂ ನೋಡಿ, “ಮಳೆಯನ್ನು ಅಟ್ಟಿ ಆಯಿತಾ?” ಎಂದು ಕೇಳಿದರು. ಭಟ್ಟರು ಅಂಚು ಎಳೆಯುವುದರಲ್ಲಿದ್ದರು.

ಎಲೆಗಳನ್ನು ಜಗಲಿಯಲ್ಲೂ ಒಳಕೋಣೆಗಳಲ್ಲೂ ಹಾಕಿದ್ದರು. ಪಾಯಸದ ಬಾಲ್ದಿ ಹಿಡಿದು ಭಟ್ಟರೇ ಹೊರಟರು, ಎರಡನೆಯ ಬಾಲ್ದಿ ಹಿಡಿದು ಹಿಂದೆ ಚಿನ್ಮಯ. ಹೊರಗೆ ಮಳೆ ಒಂದೇ ಸಮನೆ ಸುರಿಯುತ್ತಿತ್ತು. ಒಂದು ಸಾಲು ಮುಗಿಯಿತು. ಚಿನ್ಮಯ ತುಟಿ ಬಿಚ್ಚಲಿಲ್ಲ. ಭಟ್ಟರು ತಿರುಗಿ ನೋಡಿದರು.

“ಎಂತ, ಬಾಯಿ ಹೋಯಿತಾ? ಕೂಗು.”

“ಎಂತ ಕೂಗುದು?”

“ನಿನಗೆ ಗೊತ್ತುಂಟು.”

ಚಿನ್ಮಯ ಬಾಲ್ದಿಯೊಳಗೆ ನೋಡುತ್ತ ನಿಂತ. ಭಟ್ಟರು ಸೊಂಟದ ಬೈರಾಸು ಬಿಗಿದುಕೊಂಡು, ಗಂಟಲು ಸರಿಮಾಡಿಕೊಂಡು, ಮಳೆಯ ಸದ್ದನ್ನೂ ಮೀರಿಸಿ ಅದೇ ರಾಗದಲ್ಲಿ ಕೂಗಿದರು: “ಮಳೆಭಟ್ರ ಪಾಯಸ! ಆಕಾಶದಿಂದ ನೇರ ಎಲೆಗೆ!”

ಪಂಕ್ತಿ ಘೊಳ್ಳೆಂದಿತು. ಸಾಲಿನ ಕೊನೆಯಲ್ಲಿ ನಿಂತು ಉಪಚಾರ ಹೇಳುತ್ತಿದ್ದ ಗಣಪಯ್ಯನವರನ್ನು ಭಟ್ಟರು ತೋಳು ಹಿಡಿದು ಎಲೆಯೊಂದರ ಮುಂದೆ ಕೂರಿಸಿ, ಒಂದು ಸೌಟು ಬಡಿಸಿದರು. ಗಣಪಯ್ಯ ಹಳೆಯ ನೆನಪಿನಿಂದ ಅಂಗೈ ಅಡ್ಡ ಇಟ್ಟರು. ಬೇಕಾಗಲಿಲ್ಲ. ಪಾಯಸ ಬಡಿಸಿದಲ್ಲೇ ಕೂತಿತ್ತು.